ಹಳೇ ಚೆಕ್‌ರೋಲ್ ಮುಚ್ಚದೆ ಹೊಸದು ತೆರೆಯಬೇಡಿ

ಮೂವತ್ತೊಂದು ವರ್ಷ ನಾನು ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ. ರೈಟರ್ ಅಂದ್ರೆ ಕಥೆ ಬರೆಯುವವನು ಅಂದುಕೊಳ್ಳಬೇಡಿ. ಬೆಳಿಗ್ಗೆ ಚೆಕ್‌ರೋಲಲ್ಲಿ, ಅಂದ್ರೆ ಹಾಜರಿ ಪುಸ್ತಕದಲ್ಲಿ, ಆಳುಗಳ ಹಾಜರಿ ಹಾಕೋದು, ಸಂಜೆ ಕೊಯ್ದ ಹಣ್ಣಿನ ತೂಕ ಬರೆಯೋದು, ವಾರಕ್ಕೊಮ್ಮೆ ಬಟವಾಡೆ ಮಾಡೋದು, ಇಷ್ಟೇ ಕೆಲಸ. ಈಗ ರಿಟೈರ್ ಆಗಿ ಚಿಕ್ಕಮಗಳೂರಲ್ಲಿ ಇದ್ದೇನೆ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ಹುಡುಗರ ಜೊತೆ ಹರಟೆ ಹೊಡೆಯೋದೇ ಈಗಿನ ಡ್ಯೂಟಿ.

ಡಿಸೆಂಬರ್ ಬಂತು ಅಂದ್ರೆ ಅವರದ್ದು ಒಂದೇ ಗೋಳು. "ಅಂಕಲ್, ಪ್ರತಿ ವರ್ಷ ಬೈಬಲ್ ಪೂರ್ತಿ ಓದ್ತೀನಿ ಅಂತ ಶುರು ಮಾಡ್ತೀನಿ, ಮೂರನೇ ಪುಸ್ತಕ ಯಾಜಕಕಾಂಡಕ್ಕೆ ಬಂದು ನಿಂತುಬಿಡ್ತೀನಿ." ಇನ್ನೊಬ್ಬ ಕುಡಿತ ಬಿಡ್ತೀನಿ ಅಂತ ಪ್ರತಿ ಜನವರಿ 1ಕ್ಕೆ ಶಪಥ ಮಾಡ್ತಾನೆ. ಸಂಕ್ರಾಂತಿ ಹೊತ್ತಿಗೆ ಮತ್ತೆ ಅದೇ. ನನಗೂ ಹಾಗೇ ಆಗುತ್ತಿತ್ತು. ನಂಬಿಕೆ ಇಟ್ಟುಕೊಂಡು ಹೊಸ ವರ್ಷ ಶುರು ಮಾಡೋದು ಹೇಗೆ ಅಂತ ನಾನು ಕಲಿತದ್ದು ಪ್ರಸಂಗ ಕೇಳಿ ಸ್ವಲ್ಪ, ಲೆಕ್ಕದ ಪುಸ್ತಕದಿಂದ ಜಾಸ್ತಿ. ಹೊಸ ಪುಸ್ತಕ ತೆರೆಯೋದು ಸುಲಭ. ಹಳೇದರ ಬಾಕಿ ತೀರಿಸದೆ ತೆರೆದರೆ ಮೊದಲ ಪುಟಕ್ಕೇ ಅದು ಬಂದು ಕೂರುತ್ತದೆ.

ಮೊದಲು ಒಂದು ಹಾಳೆ, ಎರಡು ಕಾಲಂ

ಕ್ರಿಸ್‌ಮಸ್ ಗಲಾಟೆ ಮುಗಿದ ಮೇಲೆ, 26ರಿಂದ 30ರ ಒಳಗೆ ಒಂದು ರಾತ್ರಿ ನೋಡಿಕೊಳ್ಳಿ. ಊಟ ಆಗಿರಲಿ. ಫೋನು ಬೇರೆ ಕೋಣೆಯಲ್ಲಿರಲಿ. ನಾನು ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರ) ಪಕ್ಕದಲ್ಲೇ ಕೂರುತ್ತೇನೆ, ಆ ಸೀರಿಯಲ್ ಲೈಟ್ ಬೆಳಕು ಸಾಕು. ಹಾಳೆ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಗಡೆ ನೀವು ಕೊಡಬೇಕಾದ್ದು, ಬಲಗಡೆ ನಿಮಗೆ ಬರಬೇಕಾದ್ದು. ದುಡ್ಡು ಒಂದೇ ಅಲ್ಲ. ಕ್ಷಮೆ ಕೇಳಬೇಕಾದವರು, ಮಾತು ಕೊಟ್ಟು ಮರೆತವರು, ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋಗದೆ ಇದ್ದವರು, ಎಲ್ಲ ಎಡಗಡೆ. ನಿಮ್ಮನ್ನು ನೋಯಿಸಿದವರು ಬಲಗಡೆ. ಹೆಸರು ಬರೆಯಿರಿ. "ಕೆಲವರಿಗೆ ನೋವು ಮಾಡಿದ್ದೇನೆ" ಅಂತ ಬರೆದರೆ ಅದು ಲೆಕ್ಕ ಅಲ್ಲ, ಸುಮ್ನೆ ಸಮಾಧಾನ.

ಬಲಗಡೆ ಕಾಲಂ ಬೇಗ ತುಂಬುತ್ತದೆ. ನೋಡಿ ಬೇಕಾದ್ರೆ.

ಆ ಕಾಲಂ ಏನು ಮಾಡಬೇಕು ಅನ್ನುವುದಕ್ಕೆ ಬೈಬಲಿನ ಮತ್ತಾಯ ಪುಸ್ತಕದ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಒಂದು ಕಥೆ ಇದೆ. ರಾಜನಿಗೆ ಹತ್ತು ಸಾವಿರ ತಲಾಂತು ಸಾಲ ಇದ್ದ ಆಳು. ರಾಜ ಅಷ್ಟನ್ನೂ ಮನ್ನಾ ಮಾಡಿದ. ಅದೇ ಆಳು ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಇನ್ನೊಬ್ಬನ ಕುತ್ತಿಗೆ ಹಿಡಿದ. ಪ್ರಸಂಗದಲ್ಲಿ ಈ ನೂರು ದಿನಾರಿಯನ್ನು ಚಿಲ್ಲರೆ ಕಾಸು ಅನ್ನೋ ಹಾಗೆ ಹೇಳುವುದನ್ನು ಕೇಳಿದ್ದೇನೆ. ನಾನು ಬಟವಾಡೆ ಮಾಡಿದವನು, ಒಪ್ಪಲ್ಲ. ದಿನಾರಿ ಅಂದ್ರೆ ಒಂದು ದಿನದ ಕೂಲಿ. ಅದೇ ಮತ್ತಾಯದ 20ನೇ ಅಧ್ಯಾಯದಲ್ಲಿ ದ್ರಾಕ್ಷಿ ತೋಟದ ಆಳುಗಳಿಗೆ ಗೊತ್ತು ಮಾಡಿದ್ದು ಅಷ್ಟೇ. ಹಾಗಾದ್ರೆ ನೂರು ದಿನಾರಿ ಅಂದ್ರೆ ನೂರು ದಿನದ ದುಡಿಮೆ, ಕೊಯ್ಲಿನ ಪೂರ್ತಿ ಸೀಸನ್. ಚಿಲ್ಲರೆ ಹೇಗಾಗುತ್ತೆ? ನಿಮಗಾದ ನೋವು ಸಣ್ಣದು ಅಂತ ಯೇಸು ಹೇಳುತ್ತಿಲ್ಲ. ಇನ್ನೊಂದು ಕಡೆಯ ಲೆಕ್ಕ ನೋಡಿ ಅನ್ನುತ್ತಿದ್ದಾರೆ. ಒಂದು ತಲಾಂತು ಸುಮಾರು ಆರು ಸಾವಿರ ದಿನಾರಿ. ಹತ್ತು ಸಾವಿರ ತಲಾಂತು ಅಂದ್ರೆ ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸೋಕೆ ಎರಡು ಲಕ್ಷ ವರ್ಷ ಬೇಕು. ಮೊದಲ ಸಲ ಈ ಗುಣಾಕಾರ ಮಾಡಿದಾಗ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತೆ.

ಬಲಗಡೆ ಹೆಸರಿನ ಮುಂದೆ ನಾನು "ವಜಾ" ಅಂತ ಬರೆಯುತ್ತೇನೆ. ವಸೂಲಿ ಆಗದ ಮುಂಗಡಕ್ಕೆ ತೋಟದಲ್ಲಿ ಹಾಗೇ ಬರೆಯುತ್ತಿದ್ದದ್ದು. ಕೆಲವರ ಹೆಸರಿಗೆ ಆ ಎರಡಕ್ಷರ ಬರೆಯಲು ಕೈ ಬರೋದಿಲ್ಲ. ಅಂಥ ಹೆಸರನ್ನು ಪ್ರಾರ್ಥನೆಯಲ್ಲಿ ದಿನಕ್ಕೊಮ್ಮೆ ಹೇಳಿ, ಅಷ್ಟು ಸಾಕು. ಬಲವಂತದ ವಜಾ ಮತ್ತೆ ಖಾತೆಗೆ ಬರುತ್ತೆ. ಮತ್ತೆ ಹಿಂಸೆ ಕೊಡುವವರ ಮನೆಗೆ ವಾಪಸ್ ಹೋಗಿ ಅಂತ ಇದರ ಅರ್ಥ ಅಲ್ಲವೇ ಅಲ್ಲ.

ಎಡಗಡೆ ಕಾಲಂಗೆ ಕಾಲು ಬೇಕು

ಎಡಗಡೆಯದು ಕೂತಲ್ಲೇ ತೀರುವುದಿಲ್ಲ. ಬಲಿಪೀಠದ ಮುಂದೆ ಕಾಣಿಕೆ ತಂದಾಗ, ನಿನ್ನ ಮೇಲೆ ಅಣ್ಣತಮ್ಮನಿಗೆ ಏನೋ ಅಸಮಾಧಾನ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿ ಮಾಡಿಕೊ ಅಂತ ಯೇಸು ಹೇಳಿದ್ದಾರೆ. ಇಂಥ ಮಾತನ್ನು ಪಾಲಿಸಲು ಬಸ್ ಚಾರ್ಜ್ ಬೇಕಾಗುತ್ತೆ.

ನನ್ನದೇ ಒಂದು ಹೇಳುತ್ತೇನೆ. ಕೊಯ್ಲಿನ ಸಮಯ. ಒಬ್ಬ ಹೆಂಗಸು ಕೆಲಸಕ್ಕೆ ತಡವಾಗಿ ಬಂದಳು. ಲೈನ್ ಮನೆಯಲ್ಲಿ ಮಗುವಿಗೆ ಜ್ವರ. ಮೇಸ್ತ್ರಿ ಹೇಳಿದ, ನಾನು ಕೇಳಲಿಲ್ಲ. ಬೆಳಿಗ್ಗೆ ಮ್ಯಾನೇಜರ್ ಕೈಲಿ ಬೈಸಿಕೊಂಡು ಬಂದಿದ್ದೆ, ಆ ಸಿಟ್ಟು ಇವಳ ಮೇಲೆ ಇಳಿಯಿತು. ಅರ್ಧ ಆಳು ಅಂತ ಬರೆದೆ, ಅಂದ್ರೆ ಅರ್ಧ ದಿನದ ಕೂಲಿ. ಆವತ್ತು ಆಕೆ ಕೊಯ್ದ ಹಣ್ಣು ಬೇರೆಯವರಿಗಿಂತ ಕಮ್ಮಿ ಏನೂ ಇರಲಿಲ್ಲ. ತೂಕ ಬರೆದವನೂ ನಾನೇ!

ಎಷ್ಟೋ ವರ್ಷ ಆದ ಮೇಲೆ ಬೈಬಲಲ್ಲಿ ಜಕ್ಕಾಯನ ಕಥೆ ಓದುವಾಗ ಆ ಪುಟ ಕಣ್ಣ ಮುಂದೆ ಬಂತು. ತೆರಿಗೆ ವಸೂಲಿಯವನು. ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದವನು. ಡಿಸೆಂಬರ್ 29ಕ್ಕೆ ಆಕೆಯ ಮನೆ ಹುಡುಕಿಕೊಂಡು ಹೋದೆ. ಅರ್ಧ ದಿನದ ಕೂಲಿ, ಈಗಿನ ರೇಟಿನಲ್ಲಿ, ನಾಲ್ಕರಷ್ಟು, ಕವರಲ್ಲಿ ಹಾಕಿಕೊಂಡು. ಆಕೆಗೆ ನೆನಪಿರೋದಿಲ್ಲ, ನಾನೇ ದೊಡ್ಡ ಮನುಷ್ಯ ಅನ್ನಿಸಿಕೊಂಡು ಬರಬಹುದು ಅಂತ ಒಳಗೊಳಗೇ ಇತ್ತು. ಆಕೆ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ವಿಷಯ ಹೇಳಿದೆ. ತಲೆ ಎತ್ತಲಿಲ್ಲ. "ಆ ವಾರ ಸಂತೇಲಿ ಮಗೀಗೆ ಬ್ರೆಡ್ ತರಾಕೆ ಕಾಸು ಸಾಲ್ಲಿಲ್ಲ ರೈಟ್ರೇ" ಅಂದಳು. ಅಷ್ಟೇ. ಕವರ್ ಬಿಚ್ಚಿ ನೋಟು ಎಣಿಸಿದಳು. ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು. ಆಮೇಲೆ ಕಾಫಿ ಕೊಟ್ಟಳು, ಬೆಲ್ಲದ ಕಾಫಿ.

ಅದಕ್ಕೇ ಹೇಳೋದು, ಹೋಗುವಾಗ ಹೊಗಳಿಕೆ ನಿರೀಕ್ಷೆ ಮಾಡಿ ಹೋಗಬೇಡಿ. ಕಾರಣ ಕೊಡಬೇಡಿ. ಮ್ಯಾನೇಜರ್ ಬೈದಿದ್ದ ಕಥೆ ನಾನು ಹೇಳಲು ಬಾಯಿ ತೆರೆದಿದ್ದೆ, ಆ ಬ್ರೆಡ್ ಮಾತು ಕೇಳಿ ನುಂಗಿಕೊಂಡೆ. ಇಷ್ಟಾಯ್ತು, ನನ್ನದು ತಪ್ಪು, ಇದು ವಾಪಸ್. ಮೂರೇ ಮಾತು. ಅವರು ಬಾಗಿಲು ಹಾಕಿಕೊಂಡರೂ ನಿಮ್ಮ ಕಡೆಯ ಎಂಟ್ರಿ ಆದ ಹಾಗೆ.

ಪಾಪನಿವೇದನೆ, ಅಂದ್ರೆ ಫಾದರ್ ಹತ್ತಿರ ತಪ್ಪು ಹೇಳಿಕೊಳ್ಳೋದು, ಇದಾದ ಮೇಲೆ. 31ರ ಸಂಜೆ ತನಕ ಕಾಯಬೇಡಿ, ಉದ್ದ ಸಾಲು ಇರುತ್ತೆ, ಫಾದರ್ ಕೂಡ ದಣಿದಿರುತ್ತಾರೆ. ಎರಡು ದಿನ ಮುಂಚೆ ಹೋಗಿ, ಆ ಹಾಳೆಯ ಎಡಗಡೆಯನ್ನೇ ಹೇಳಿ.

31ರ ರಾತ್ರಿ, 1ರ ಬೆಳಿಗ್ಗೆ

ನಮ್ಮೂರಲ್ಲಿ ಆವತ್ತು ರಾತ್ರಿ ಗಿರಿ ಕಡೆಯ ಟೂರಿಸ್ಟ್ ಗಾಡಿಗಳ ಹಾರ್ನ್ ಒಂದು ಕಡೆ, ಚರ್ಚಿನ ಗಂಟೆ ಒಂದು ಕಡೆ. ಸ್ವೆಟರ್, ಮಂಕಿ ಕ್ಯಾಪ್ ಹಾಕಿಕೊಂಡು ಹೋಗಿ, ಚಳಿಗೆ ಪ್ರಾರ್ಥನೆ ಮೇಲೆ ಮನಸ್ಸು ನಿಲ್ಲೋದಿಲ್ಲ. ವರ್ಷದ ಕೊನೆಯ ದಿನ 'ತೆ ದೇಯುಂ' ಅನ್ನುವ ಹಳೇ ಸ್ತುತಿಗೀತೆ ಹಾಡಿ ಕೃತಜ್ಞತೆ ಹೇಳುವುದು ಕಥೋಲಿಕರಲ್ಲಿ ಪದ್ಧತಿ. ಮೊದಲು ಥ್ಯಾಂಕ್ಸ್, ಆಮೇಲೆ ಬೇಡಿಕೆ. ಆರಾಧನೆ ಹೊತ್ತಲ್ಲಿ ನಾನು ತಿಂಗಳು ತಿಂಗಳಾಗಿ ನೆನೆಸುತ್ತೇನೆ. ಜನವರಿಯಲ್ಲಿ ಏನು ಸಿಕ್ಕಿತು, ಫೆಬ್ರುವರಿಯಲ್ಲಿ ಯಾರು ಸಹಾಯ ಮಾಡಿದರು, ಹೀಗೆ. ಜುಲೈ ಹೊತ್ತಿಗೆ ತೂಕಡಿಕೆ ಬರುತ್ತೆ, ಪರವಾಗಿಲ್ಲ.

ನಮ್ಮ ಸೊಸೆಯ ತೌರು ಸಿಎಸ್‌ಐ ಅನ್ನುವ ಪ್ರೊಟೆಸ್ಟೆಂಟ್ ಸಭೆಯವರು. ಅವರಲ್ಲಿ ಹೊಸ ವರ್ಷಕ್ಕೆ ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡ್ ತೆಗೆಯುತ್ತಾರೆ. ಒಂದು ವರ್ಷ ನನ್ನ ಕೈಗೂ ಕೊಟ್ಟರು. ಬಂದದ್ದು ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವ ಯೋಜನೆ ಹಿತಕ್ಕೇ ಹೊರತು ಕೇಡಿಗಲ್ಲ ಅಂತ ದೇವರು ಹೇಳುವ ಮಾತು. ಎಲ್ಲರಿಗೂ ಇಷ್ಟದ ವಚನ, ಕ್ಯಾಲೆಂಡರಲ್ಲೂ ಇರುತ್ತೆ. ಕಾರ್ಡ್ ಬಂದರೆ ಲಾಟರಿ ಥರ ಜೇಬಲ್ಲಿ ಇಟ್ಟುಕೊಳ್ಳಬೇಡಿ. ಮನೆಗೆ ಬಂದು ಆ ಅಧ್ಯಾಯ ಪೂರ್ತಿ ಓದಿ. ಅದು ಬಾಬಿಲೋನಿಗೆ ಸೆರೆಯಾಗಿ ಹೋದವರಿಗೆ ಬರೆದ ಕಾಗದ. ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಕಾಯಬೇಕು ಅಂತ ಇದೆ! ಅದಕ್ಕೂ ಮುಂಚೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ, ನೀವಿರುವ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ.

ಇದು ಓದುವಾಗ ನನಗೆ ನಮ್ಮಜ್ಜಿ ನೆನಪಾಗುತ್ತಾಳೆ. ನಮ್ಮದು ಹಾಸನದ ಹತ್ತಿರ ಶೆಟ್ಟಿಹಳ್ಳಿ ಕಡೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚ್ ಅಲ್ಲಿತ್ತು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು, ನೀರು ಬಂತು, ಊರು ಬಿಟ್ಟೆವು. ಈಗ ಮಳೆಗಾಲದಲ್ಲಿ ನೀರಲ್ಲಿ ನಿಂತ ಆ ಗೋಡೆಗಳನ್ನು ಫೋಟೋ ತೆಗೆಯಲು ಜನ ಬರುತ್ತಾರೆ. ಅಜ್ಜಿಗೆ ಅದು ಮದುವೆಯಾದ ಜಾಗ. ಹೊಸ ಜಾಗಕ್ಕೆ ಬಂದ ಮೇಲೆ ಅವಳು ವಾರಗಟ್ಟಲೆ ಮಾತಾಡಲಿಲ್ಲ. ಆದರೆ ಮೊದಲ ದಿನವೇ ಹಿತ್ತಲಲ್ಲಿ ಗುಂಡಿ ತೋಡಿ, ಹಳೇ ಮನೆಯಿಂದ ಗೋಣಿಯಲ್ಲಿ ಸುತ್ತಿ ತಂದ ಕರಿಬೇವಿನ ಸಸಿ ನೆಟ್ಟಳು. ಬಟ್ಟೆ ಗಂಟು ಇನ್ನೂ ಬಿಚ್ಚಿರಲಿಲ್ಲ.

ಜನವರಿ 1 ಕಥೋಲಿಕರಿಗೆ ದೇವಮಾತೆ ಮರಿಯಮ್ಮನವರ ಹಬ್ಬ. 1968ರಿಂದ ಅದೇ ದಿನ ವಿಶ್ವ ಶಾಂತಿ ದಿನವೂ ಹೌದು. ಆವತ್ತಿನ ಮೊದಲ ವಾಚನ ಸಂಖ್ಯಾಕಾಂಡ 6ನೇ ಅಧ್ಯಾಯದ ಆಶೀರ್ವಾದ. ಮಹಾಯಾಜಕ ಆರೋನ ಜನರನ್ನು ಹರಸಬೇಕಾದ ಮಾತು, ಹೀಬ್ರೂ ಭಾಷೆಯಲ್ಲಿ ಬರೀ ಹದಿನೈದು ಪದ. ಅದನ್ನು ಚರ್ಚಿಗೇ ಬಿಡಬೇಡಿ. ಮನೆಗೆ ಬಂದು ಮಕ್ಕಳ ತಲೆ ಮೇಲೆ ಕೈ ಇಟ್ಟು ಓದಿ. ಮಗನಿಗೆ ಮೊದಲು ಮುಜುಗರ ಆಯ್ತು, ಈಗ ತಾನೇ ಬಂದು ಬಗ್ಗುತ್ತಾನೆ. ಆಮೇಲೆ ಕಡುಬು, ಹಂದಿ ಸಾರು. ಪಕ್ಕದ ಮನೆಗೆ ಕಜ್ಜಾಯ, ಚಕ್ಕುಲಿ. ಅದರಲ್ಲಿ ಹೇಳಿಕೊಡಲು ಏನೂ ಇಲ್ಲ.

ಒಂದೇ ಕೆಲಸ, ಹಾಜರಿ ಹಾಕಿ

ಸಂಕಲ್ಪ ಒಂದೇ ಇರಲಿ. ಕಾಫಿ ಗಿಡ ನೋಡಿ. ಜನವರಿಯಲ್ಲಿ ಅಕಾಲ ಮಳೆ ಬಿದ್ದರೆ ಒಂದಿಷ್ಟು ಮೊಗ್ಗು ಆಗಲೇ ಅರಳಿಬಿಡುತ್ತೆ, ಆಮೇಲೆ ಫಸಲು ಒಂದೇ ಸಮ ಬರೋದಿಲ್ಲ. ಮೊಗ್ಗು ಒಣ ಬಿಸಿಲಲ್ಲಿ ಕಾಯಬೇಕು. ಮಾರ್ಚ್-ಏಪ್ರಿಲಲ್ಲಿ ಒಂದಿಂಚು ಹೂಮಳೆ ಬಿದ್ದರೆ ವಾರ, ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಜನವರಿ 1ಕ್ಕೇ ಎಲ್ಲ ಅರಳಬೇಕು ಅಂತ ಹೊರಡುವವರನ್ನು ಕಂಡರೆ ನನಗೆ ಭಯ.

ನಾನು ಒಂದು ವರ್ಷ ಇಟ್ಟುಕೊಂಡದ್ದು, ಬೆಳಗಿನ ಕಾಫಿ ಜೊತೆ ಬೈಬಲಿನ ಒಂದು ಕೀರ್ತನೆ. ಕೀರ್ತನೆಗಳು 150. ಒಂದು ದಿನವೂ ತಪ್ಪದಿದ್ದರೆ ಮೇ 30ಕ್ಕೆ ಮುಗಿಯಬೇಕು. ನನಗೆ ಮುಗಿದದ್ದು ಆಗಸ್ಟಿನಲ್ಲಿ. ಕ್ಯಾಲೆಂಡರಲ್ಲಿ ಚೆಕ್‌ರೋಲ್ ಥರಾನೇ ಹಾಜರಿ ಹಾಕುತ್ತಿದ್ದೆ. ಓದಿದರೆ ಪೂರ್ತಿ ಆಳು, ಎರಡು ಸಾಲಿಗೆ ಬಿಟ್ಟೆದ್ದರೆ ಅರ್ಧ ಆಳು. ಅರ್ಧ ಆಳೂ ಬಂದ ಆಳೇ. ಅವಸರ ಇರುವ ದಿನಕ್ಕೆ 117ನೇ ಕೀರ್ತನೆ ಇದೆ, ಎರಡೇ ವಚನ. 119ನ್ನು ಮಾತ್ರ ವಾರಕ್ಕೆ ಹಂಚಿಕೊಳ್ಳಿ, 176 ವಚನ. ಒಂದೇ ಸಲ ಓದಲು ಹೋಗಿ ಕಾಫಿ ತಣ್ಣಗೆ ಮಾಡಿಕೊಂಡವನು ನಾನು.

ತಪ್ಪಿಹೋದರೆ? ಹೋಗುತ್ತೆ. ಚರ್ಚಿನ ಲೆಕ್ಕದಲ್ಲಿ ವರ್ಷ ಶುರುವಾಗೋದು ಕ್ರಿಸ್‌ಮಸ್‌ಗೆ ನಾಲ್ಕು ಭಾನುವಾರ ಮುಂಚೆ, ಆಗಮನ ಕಾಲದಿಂದ. ಅಲ್ಲಿ ತಪ್ಪಿದವರಿಗೆ ಜನವರಿ. ಇಲ್ಲೂ ತಪ್ಪಿದವರಿಗೆ ಬೂದಿ ಬುಧವಾರ, ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ ಮೊದಲ ದಿನ. ಹಣೆಗೆ ಬೂದಿ ಹಚ್ಚಿಸಿಕೊಂಡು ಮತ್ತೆ ಹಾಜರಿ ಹಾಕಿ, ಹಿಂದಿನ ಗೈರುಹಾಜರಿ ಎಣಿಸಬೇಡಿ. ಲೂಕ 13ರಲ್ಲಿ ಅಂಜೂರದ ಮರ ಇದೆಯಲ್ಲ, ಮೂರು ವರ್ಷ ಕಾಯಿ ಬಿಡದ್ದು. ಕಡಿದುಹಾಕು ಅಂತ ಧಣಿ. ಈ ವರ್ಷ ಒಂದು ಬಿಡಿ ಸ್ವಾಮಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಅಂತ ತೋಟದವನು. ಮುಂದಿನ ವರ್ಷ ಅದು ಕಾಯಿ ಬಿಟ್ಟಿತಾ, ಯೇಸು ಹೇಳಲೇ ಇಲ್ಲ.

ನನ್ನ ಹಾಳೆಯಲ್ಲಿ ಒಂದು ಹೆಸರು ಯಾವ ಕಾಲಂಗೆ ಹಾಕಬೇಕು ಅಂತ ಎಷ್ಟೋ ವರ್ಷ ಗೊತ್ತಾಗದೆ ಗೆರೆ ಮೇಲೇ ಬರೆಯುತ್ತಿದ್ದೆ. ನನ್ನ ತಮ್ಮ. ಬೇಲಿ ಸಾಲಿನ ಸಿಲ್ವರ್ ಓಕ್ ಮರ ಮಾರಿದ ವಿಷಯ. ಅವನು ಹೇಳೋದು ಒಂದು, ನಾನು ಹೇಳೋದು ಒಂದು. ಹೋದ ವರ್ಷ ಅವನ ಮನೆವರೆಗೂ ಹೋಗಿದ್ದೆ, ಅವನು ಒಳಗಿದ್ದೂ ಹೊರಗೆ ಬರಲಿಲ್ಲ. ನಾದಿನಿ ನೀರು ಕೊಟ್ಟಳು, ಕುಡಿದು ಬಂದೆ. ಈ ಸಲ ಹೆಸರನ್ನು ಎಡಗಡೆ ಬರೆದಿದ್ದೇನೆ. ಮರ ಎಷ್ಟಕ್ಕೆ ಹೋಗಿತ್ತು ಅಂತ ಹಳೇ ಚೀಟಿ ಹುಡುಕಿ ತೆಗೆದು, ಅರ್ಧ ಕವರಿಗೆ ಹಾಕಿಯಾಗಿದೆ. ಕಜ್ಜಾಯದ ಡಬ್ಬಿ ಕಟ್ಟಿಟ್ಟಿದ್ದಾಳೆ ನಮ್ಮನೆಯವಳು. ನಾಳೆ ಬೆಳಿಗ್ಗೆ ಬೇಲೂರು ಬಸ್ಸು ಹಿಡಿದು, ಅಲ್ಲಿಂದ ಆಲೂರು ಕಡೆ.