ಗಾಲ್ಫ್ ಕ್ಲಬ್ ಬಿಲ್ಲಿನ ಥರ ಬಾಗಿದೆಯಾ? ಫೋನ್ ತಲೆಕೆಳಗು ಮಾಡಿ ನೋಡಿ

ಗಾಲ್ಫ್ ಕಲೀತಿರೋ ಗೆಳೆಯ ಒಬ್ಬ ತನ್ನ ಸ್ವಿಂಗ್ ವಿಡಿಯೋ ಕಳಿಸಿದ್ದ, ಜೊತೆಗೆ ಬಾಲ್‌ಗೆ ಏಟು ಬೀಳೋ ಜಾಗದಲ್ಲಿ ನಿಲ್ಲಿಸಿ ತೆಗೆದ ಸ್ಕ್ರೀನ್‌ಶಾಟ್ ಬೇರೆ. ಕ್ಲಬ್ಬಿನ ಉದ್ದ ಕೋಲು, ಅಂದ್ರೆ ಶಾಫ್ಟು, ಬಿಲ್ಲಿನ ಥರ ಮುಂದಕ್ಕೆ ಬಾಗಿ ನಿಂತಿತ್ತು. "ಇದೇನೋ ಇದು, ಶಾಫ್ಟು ತೀರಾ ಮೆತ್ತಗಿದೆ ಅನ್ಸತ್ತೆ, ಬೇರೆ ತಗೋಬೇಕಾ?" ಅಂತ ಕೇಳ್ದ. ಕ್ಲಬ್ಬು ಬದಲಾಯಿಸೋಕೆ ಮುಂಚೆ ಫೋನನ್ನ ತಲೆಕೆಳಗು ಹಿಡಿಸಿ ಇನ್ನೊಂದ್ಸಲ ಶೂಟ್ ಮಾಡ್ಸು ಅಂದೆ. ಮಾಡ್ಸಿದ. ಈ ಸಲ ಅದೇ ಶಾಫ್ಟು ಹಿಂದಕ್ಕೆ ಬಾಗಿತ್ತು.

ಅದೇ ಕೋಲು, ಅದೇ ಆಳು, ಫೋನ್ ತಿರುಗಿಸಿದ್ದಕ್ಕೆ ಬಾಗೋ ದಿಕ್ಕೇ ಉಲ್ಟಾ ಆಯ್ತು ಅಂದ್ಮೇಲೆ ದೋಷ ಕೋಲಲ್ಲಿಲ್ಲ. ಹಾಗಂತ ಕ್ಯಾಮೆರಾ ಸುಳ್ಳು ಹೇಳ್ತಿದೆ ಅನ್ನೋಕೂ ಆಗಲ್ಲ, ಅದು ಕಂಡಿದ್ದನ್ನೇ ಹೇಳ್ತಿದೆ, ಆದ್ರೆ ಎಲ್ಲಾನೂ ಒಂದೇ ಹೊತ್ತಲ್ಲಿ ಕಂಡಿದ್ದಲ್ಲ.

ಬೆಂಚ್ ಬೆಂಚಾಗಿ ಹಾಜರಿ

ಫೋನಿನೊಳಗೆ ಬೆಳಕು ಹಿಡಿಯೋ ಚಿಪ್ ಆದ ಸಿಮಾಸ್ ಸೆನ್ಸರ್‌ನಲ್ಲಿ ಪಿಕ್ಸೆಲ್‌ಗಳು ಸಾಲುಸಾಲಾಗಿ ಕೂತಿರ್ತವೆ. ಬೆಳಕು ಎಲ್ಲದರ ಮೇಲೂ ಬೀಳತ್ತೆ ನಿಜ, ಆದ್ರೆ ಆ ಬೆಳಕನ್ನ ಅಳೆದು ಅಂಕಿ ಮಾಡೋ ಸರ್ಕ್ಯೂಟು ಪ್ರತಿ ಪಿಕ್ಸೆಲ್‌ಗೂ ಒಂದೊಂದು ಇರಲ್ಲ, ಸಾಮಾನ್ಯವಾಗಿ ಕಾಲಮ್‌ಗೊಂದರಂತೆ ಸೆನ್ಸರ್ ಅಂಚಲ್ಲಿ ಇರತ್ತೆ. ಹಾಗಾಗಿ ಒಂದು ಸಾಲು ಓದಿ ಮುಗಿಸಿ ಮುಂದಿನ ಸಾಲು, ಅದಾದ್ಮೇಲೆ ಅದರ ಮುಂದಿನದು, ಹೀಗೆ ಮೇಲಿಂದ ಕೆಳಗೆ ಇಳ್ಕೊಂಡು ಬರ್ಬೇಕು. ಇದಕ್ಕೇ ರೋಲಿಂಗ್ ಶಟರ್ ಅನ್ನೋದು.

ಕ್ಲಾಸಲ್ಲಿ ಮೇಷ್ಟ್ರು ಬೆಂಚ್ ಬೆಂಚಾಗಿ ಹಾಜರಿ ತಗೊಳ್ತಿದ್ದಾರೆ ಅಂದ್ಕೊಳ್ಳಿ. ಎಲ್ಲರೂ ಕೂತಲ್ಲೇ ಕೂತಿದ್ರೆ ಲೆಕ್ಕ ಸರಿಯಾಗಿರತ್ತೆ. ಮೊದಲ ಬೆಂಚಿನ ಹುಡುಗ "ಪ್ರೆಸೆಂಟ್ ಸಾರ್" ಅಂದು ಸದ್ದಿಲ್ಲದೆ ಕೊನೇ ಬೆಂಚಿಗೆ ಹೋಗಿ ಕೂತ್ರೆ ಅವನು ಎರಡು ಸಲ ಲೆಕ್ಕಕ್ಕೆ ಸಿಗ್ತಾನೆ, ಕೊನೇ ಬೆಂಚಿಂದ ಆಗ್ಲೇ ಮುಗಿದ ಬೆಂಚಿಗೆ ಬಂದವನು ಲೆಕ್ಕಕ್ಕೇ ಸಿಗಲ್ಲ. ವಿಮಾನದ ಕಿಟಕಿಯಿಂದ ಪ್ರೊಪೆಲ್ಲರ್ ಫೋಟೋ ತೆಗೆದ್ರೆ ರೆಕ್ಕೆಗಳು ಕುಡುಗೋಲಿನ ಥರ ಬಾಗಿ, ಕೆಲವು ನಡುವಿನ ಗುಂಬಕ್ಕೆ ಅಂಟದೆ ಗಾಳಿಯಲ್ಲಿ ತೇಲ್ತಿರೋ ಹಾಗೆ ಬರತ್ತಲ್ಲ, ಅಲ್ಲಿ ನಡೆದಿರೋದೂ ಇದೇ ಹಾಜರಿ ಗೋಲ್‌ಮಾಲ್.

ಒಂದು ಸಾಲಿಂದ ಮುಂದಿನ ಸಾಲಿಗೆ ಹಿಡಿಯೋ ಹೊತ್ತು ತುಂಬಾ ಕಮ್ಮಿ. 4ಕೆ ವಿಡಿಯೋದಲ್ಲಿ 2160 ಸಾಲು ಇರತ್ತೆ, ಪೂರ್ತಿ ಫ್ರೇಮ್ ಓದೋಕೆ 20 ಮಿಲಿಸೆಕೆಂಡ್ ಅಂತ ಹಿಡಿದ್ರೆ ಸಾಲಿಗೆ ಸುಮಾರು 9 ಮೈಕ್ರೋಸೆಕೆಂಡ್. ಮನುಷ್ಯ ನಡೆಯೋದಕ್ಕೆ, ಮರ ಅಲ್ಲಾಡೋದಕ್ಕೆ ಇದು ಲೆಕ್ಕಕ್ಕೇ ಇಲ್ಲ. ಗಾಲ್ಫ್ ಕ್ಲಬ್ಬಿಗೆ ಇದೆ.

ಓರೆ ಆಗೋ ಬದಲು ಬಾಗೋದ್ಯಾಕೆ

ನಂಗೆ ಇದ್ರಲ್ಲಿ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ಲೆಕ್ಕ ಇದೆ, ಸಹಿಸ್ಕೊಳ್ಳಿ. ರೈಲಿನ ಕಿಟಕಿಯಿಂದ ಫೋಟೋ ತೆಗೆದ್ರೆ ಪಕ್ಕದ ಕಂಬ ಓರೆಯಾಗಿ ಬರತ್ತೆ ಆದ್ರೆ ನೆಟ್ಟಗೇ ಇರತ್ತೆ, ಬಾಗಿರಲ್ಲ. ಯಾಕಂದ್ರೆ ಕಂಬದ ಮೇಲಿನ ತುದಿ, ಕೆಳಗಿನ ತುದಿ ಎರಡೂ ಒಂದೇ ವೇಗದಲ್ಲಿ ಹಿಂದಕ್ಕೆ ಸರೀತಿರ್ತವೆ.

ಕ್ಲಬ್ ಹಾಗಲ್ಲ, ಅದು ಸುತ್ತುತ್ತೆ. ಕೈ ಹತ್ರದ ತುದಿ, ಅಂದ್ರೆ ಹಿಡಿ, ನಿಧಾನ, ಕೆಳಗಿರೋ ತಲೆ ಜೋರು. ಡ್ರೈವರ್ ಅನ್ನೋ ಉದ್ದದ ಕ್ಲಬ್ಬಿಂದ ಒಳ್ಳೇ ಏಟು ಹೊಡೆದ್ರೆ ತಲೆಯ ವೇಗ ಗಂಟೆಗೆ 160 ಕಿಲೋಮೀಟರ್ ಆಗತ್ತೆ, ಅಂದ್ರೆ ಸೆಕೆಂಡಿಗೆ ಹತ್ತಿರಹತ್ತಿರ 45 ಮೀಟರ್. ಫೋನ್ ಅಡ್ಡ ಹಿಡಿದಿದ್ದೀರಿ, ಫ್ರೇಮಿನ ಎತ್ತರದಲ್ಲಿ ಮೂರನೇ ಒಂದು ಭಾಗ ಶಾಫ್ಟು ತುಂಬಿದೆ ಅಂತಿಟ್ಕೊಳ್ಳಿ. ಆಗ ಹಿಡಿ ಓದಿದ್ಮೇಲೆ ತಲೆ ಓದೋಕೆ 20ರಲ್ಲಿ ಮೂರನೇ ಒಂದು ಪಾಲು, ಸುಮಾರು 6.7 ಮಿಲಿಸೆಕೆಂಡ್ ತಡ ಆಗತ್ತೆ. ಅಷ್ಟರಲ್ಲಿ ತಲೆ 30 ಸೆಂಟಿಮೀಟರ್ ಮುಂದೆ ಹೋಗಿ ಆಗಿರತ್ತೆ, ಒಂದಡಿ! ಈಗ ಶಾಫ್ಟಿನ ನಟ್ಟನಡು ನೋಡಿ. ಅಲ್ಲಿ ತಡಾನೂ ಅರ್ಧ, ವೇಗಾನೂ ಹೆಚ್ಚುಕಮ್ಮಿ ಅರ್ಧ. ಅರ್ಧದಲ್ಲಿ ಅರ್ಧ ಅಂದ್ರೆ ಕಾಲು, ಏಳೂವರೆ ಸೆಂಟಿಮೀಟರ್ ಅಷ್ಟೇ ಸರಿದಿರತ್ತೆ. ಬರೀ ಓರೆ ಆಗಿದ್ದಿದ್ರೆ ನಡುವಲ್ಲಿ 15 ಬರ್ಬೇಕಿತ್ತು. ಮೇಲೆ ಸೊನ್ನೆ, ನಡುವಲ್ಲಿ ಏಳೂವರೆ, ತುದಿಯಲ್ಲಿ 30, ಈ ಮೂರು ಚುಕ್ಕೆ ಸೇರಿಸಿ ಗೆರೆ ಎಳೆದ್ರೆ ಬರೋದು ಬಿಲ್ಲೇ.

ಫೋನ್ ತಲೆಕೆಳಗಾದ್ರೆ ಓದೋ ಸರದಿ ಕ್ಲಬ್ಬಿನ ತಲೆಯಿಂದ ಶುರುವಾಗಿ ಹಿಡಿ ಕಡೆ ಹೋಗತ್ತೆ, ಅದಕ್ಕೇ ಬಿಲ್ಲು ಆ ಕಡೆಗೆ ಮಗುಚಿಕೊಳ್ಳೋದು.

ಶಟರ್ ಸ್ಪೀಡ್ ಏರಿಸಿದ್ರೆ ಸರಿಹೋಗಲ್ವಾ?

ಎಲ್ಲರೂ ಮೊದ್ಲು ಮಾಡೋದೇ ಇದು. ಪ್ರೊ ಮೋಡ್‌ಗೆ ಹೋಗಿ 1/8000, ಅಂದ್ರೆ ಸೆಕೆಂಡಿನ ಎಂಟು ಸಾವಿರದಲ್ಲೊಂದು ಪಾಲು, ಇಟ್ಟು ತೆಗೀತಾರೆ, ಆಮೇಲೆ ಕ್ಲಬ್ಬು ಇನ್ನೂ ಬಾಗಿದೆಯಲ್ಲ ಅಂತ ತಲೆ ಕೆಡಿಸ್ಕೊಳ್ತಾರೆ. ಶಟರ್ ಸ್ಪೀಡ್ ಹೇಳೋದು ಒಂದೊಂದು ಸಾಲು ಎಷ್ಟು ಹೊತ್ತು ಬೆಳಕು ಕುಡೀತು ಅನ್ನೋದನ್ನ ಮಾತ್ರ. ಮೊದಲ ಸಾಲಿಂದ ಕೊನೇ ಸಾಲಿಗೆ ಹೋಗೋಕೆ ಎಷ್ಟು ಹೊತ್ತು ಬೇಕು ಅನ್ನೋದು ಬೇರೆಯೇ ಲೆಕ್ಕ, ಅದು ಸೆನ್ಸರ್‌ನ ಓದೋ ವೇಗ, ಅದನ್ನ ಬದಲಾಯಿಸೋ ಬಟನ್ ಕ್ಯಾಮೆರಾ ಆ್ಯಪಲ್ಲಿ ಇರಲ್ಲ. 1/8000 ಇಟ್ರೆ ಮಸುಕು ಹೋಗತ್ತೆ, ಬಾಗು ಹೋಗಲ್ಲ. ಮೊದ್ಲು ಮಸುಕಲ್ಲಿ ಅಡಗಿದ್ದ ಬಾಗು ಈಗ ಕತ್ತರಿಸಿದ ಹಾಗೆ ಸ್ಪಷ್ಟವಾಗಿ ಕಾಣತ್ತೆ ಅಷ್ಟೇ.

ನಿಮ್ಮ ಫೋನ್ ಎಷ್ಟು ನಿಧಾನ ಅಂತ ಅಳೆಯೋದು ಹೀಗೆ

ಕಂಪನಿಗಳು ಈ ಅಂಕಿಯನ್ನ ಜಾಹೀರಾತಲ್ಲಿ ಹಾಕೋದು ಅಪರೂಪ, ಆದ್ರೆ ಒಂದು ಎಲ್ಇಡಿ ಬಲ್ಬ್ ಇದ್ರೆ ನೀವೇ ಕಂಡುಹಿಡೀಬಹುದು. ಕರೆಂಟು 50 ಹರ್ಟ್ಜ್ ಇರೋ ದೇಶದಲ್ಲಿ ಅಗ್ಗದ ಎಲ್ಇಡಿ ಬಲ್ಬ್‌ಗಳು ಸೆಕೆಂಡಿಗೆ 100 ಸಲ ಮಿಣುಕ್ತವೆ, ಕಣ್ಣಿಗೆ ಗೊತ್ತಾಗಲ್ಲ. ಅಂದ್ರೆ ಒಂದು ಮಿಣುಕಿಗೆ 10 ಮಿಲಿಸೆಕೆಂಡ್. 60 ಹರ್ಟ್ಜ್ ದೇಶದಲ್ಲಾದ್ರೆ 120 ಸಲ, ಮಿಣುಕಿಗೆ 8.3 ಮಿಲಿಸೆಕೆಂಡ್.

ರಾತ್ರಿ ಬೇರೆ ದೀಪ ಎಲ್ಲ ಆರಿಸಿ ಆ ಬಲ್ಬ್ ಒಂದೇ ಹಾಕಿ. ಅದರ ಬೆಳಕು ಬಿದ್ದಿರೋ ಖಾಲಿ ಗೋಡೆಗೆ ಫೋನ್ ಹಿಡಿದು, ಶಟರ್ 1/2000 ಅಥವಾ ಇನ್ನೂ ಜೋರಾಗಿಟ್ಟು, ಐಎಸ್ಒ (ಸಿಕ್ಕ ಬೆಳಕನ್ನ ಹಿಗ್ಗಿಸಿ ತೋರ್ಸೋ ಸೆಟ್ಟಿಂಗ್) ಏರಿಸಿ ಫೋಟೋ ತೆಗೀರಿ. ಫೋಟೋ ಕೆಟ್ಟದಾಗಿ ಬರತ್ತೆ, ಬರ್ಲಿ ಬಿಡಿ. ಅದ್ರಲ್ಲಿ ಫೋನಿನ ಉದ್ದಕ್ಕೆ ಸಮನಾಗಿ ಕಪ್ಪು ಪಟ್ಟೆಗಳು ಕಾಣ್ತವೆ, ಅವನ್ನ ಎಣಿಸಿ. 50 ಹರ್ಟ್ಜ್‌ನಲ್ಲಿ ಎರಡು ಪಟ್ಟೆ ಬಂದ್ರೆ ಓದೋಕೆ 20 ಮಿಲಿಸೆಕೆಂಡ್, ಎರಡೂವರೆ ಬಂದ್ರೆ 25. ಪಟ್ಟೆಯೇ ಬರ್ಲಿಲ್ಲ ಅಂದ್ರೆ ನಿಮ್ಮ ಬಲ್ಬ್ ಒಳ್ಳೇದು ಅಂತರ್ಥ, ಇನ್ನೊಂದು ಕಳಪೆ ಬಲ್ಬ್ ಹುಡುಕಿ. ತೀರಾ ಸಣ್ಣ ಸಣ್ಣ ಪಟ್ಟೆ ಹತ್ತಾರು ಬಂದ್ರೆ ಆ ಬಲ್ಬ್ ಬೇರೆ ಲಯದಲ್ಲಿ ಮಿಣುಕ್ತಿದೆ, ಆ ಲೆಕ್ಕ ನಂಬ್ಬೇಡಿ. ವಿಡಿಯೋ ಮೋಡಲ್ಲಿ ಬರೋ ಉತ್ತರ ಫೋಟೋ ಮೋಡ್‌ಗಿಂತ ಬೇರೆ ಇರಬಹುದು, ಎರಡೂ ನೋಡಿಟ್ಕೊಳ್ಳಿ.

ಬಾಗು ಕಮ್ಮಿ ಮಾಡೋದು

ಖರ್ಚಿಲ್ಲದ ದಾರಿ ಸ್ಲೋಮೋ. 240 ಎಫ್‌ಪಿಎಸ್ ಇಟ್ರೆ ಫೋನು ಸೆಕೆಂಡಿಗೆ 240 ಫ್ರೇಮ್ ಓದಲೇಬೇಕು, ಅಂದ್ರೆ ಒಂದು ಫ್ರೇಮ್ 4.2 ಮಿಲಿಸೆಕೆಂಡ್ ಒಳಗೆ ಮುಗೀಬೇಕು. ಅಷ್ಟು ಬೇಗ ಮುಗಿಸೋಕೆ ಅದು ಸಾಲುಗಳನ್ನ ಬಿಟ್ಟು ಬಿಟ್ಟೋ ಒಟ್ಟುಗೂಡಿಸಿಯೋ ಓದತ್ತೆ, ಚಿತ್ರದ ಗುಣಮಟ್ಟ ಸ್ವಲ್ಪ ಇಳಿಯತ್ತೆ, ಆದ್ರೆ ಮೇಲಿನ ಲೆಕ್ಕದ ಒಂದಡಿ ಬಾಗು 6 ಸೆಂಟಿಮೀಟರಿಗೆ ಬರತ್ತೆ.

ಎರಡನೇದು ಫೋನನ್ನ ಅಡ್ಡ ಹಿಡಿಯೋ ಬದಲು ಉದ್ದಕ್ಕೆ ನಿಲ್ಲಿಸಿ ಹಿಡಿಯೋದು. ಆಗ ಓದೋ ಸರದಿ ಪಕ್ಕದಿಂದ ಪಕ್ಕಕ್ಕೆ ಸರಿಯತ್ತೆ, ಏಟಿನ ಹೊತ್ತಿಗೆ ನೆಟ್ಟಗೆ ಕೆಳಗಿಳಿದಿರೋ ಶಾಫ್ಟು ಹೆಚ್ಚುಕಮ್ಮಿ ಒಂದೇ ಸಾಲಲ್ಲಿ ಸಿಕ್ಕಿ ನೇರವಾಗಿ ಕಾಣತ್ತೆ. ಬದಲಿಗೆ ಶಾಫ್ಟು ನೆಲಕ್ಕೆ ಅಡ್ಡವಾಗಿರೋ ಹಂತದಲ್ಲಿ ಬಾಗತ್ತೆ, ಇನ್ನು ಕ್ಲಬ್ಬಿನ ತಲೆ ಓದೋ ದಿಕ್ಕಿಗೇ ಓಡ್ತಿದ್ರೆ ಹಿಗ್ಗಿ, ಎದುರು ಬರ್ತಿದ್ರೆ ಕುಗ್ಗಿ ಕಾಣತ್ತೆ. ಪೂರ್ತಿ ತಪ್ಪಿಸ್ಕೊಳ್ಳೋಕಾಗಲ್ಲ.

ದೊಡ್ಡ ಕ್ಯಾಮೆರಾ ಇದ್ರೆ ಸೈಲೆಂಟ್ ಮೋಡ್ ಆಫ್ ಮಾಡಿ (ಅದ್ರಲ್ಲೂ ಸಾಮಾನ್ಯವಾಗಿ ಫೋನಿನ ಥರ ಸಾಲುಸಾಲಾಗಿ ಓದೋದೇ) ಮೆಕ್ಯಾನಿಕಲ್ ಶಟರ್, ಅಂದ್ರೆ ಸೆನ್ಸರ್ ಮುಂದೆ ಸರಿಯೋ ಪರದೆ, ಹಾಕಿ. ಇಲ್ಲೊಂದು ತಮಾಷೆ ಇದೆ, ಆಟಗಾರರ ಗಮನ ಕೆಡಬಾರದು ಅಂತ ಸದ್ದಿಲ್ಲದ ಶಟರ್ ಬೇಕಾಗೋದು ಗಾಲ್ಫಲ್ಲೇ, ಆ ಸದ್ದಿಲ್ಲದ ಶಟರ್ ಕ್ಲಬ್ ಬಾಗಿಸೋದೂ ಗಾಲ್ಫಲ್ಲೇ. ಮೆಕ್ಯಾನಿಕಲ್ ಪರದೆ ಸೆನ್ಸರ್ ದಾಟೋಕೆ ಸುಮಾರು 4 ಮಿಲಿಸೆಕೆಂಡ್ ತಗೊಳತ್ತೆ, ಹಾಗಾಗಿ ಅದೂ ಪೂರ್ತಿ ನಿರಪರಾಧಿ ಅಲ್ಲ. ಫಿಲ್ಮ್ ಕಾಲದಲ್ಲೇ, 1910ರ ದಶಕದಲ್ಲಿ, ಫ್ರಾನ್ಸಿನ ಜಾಕ್ ಆನ್ರಿ ಲಾರ್ತೀಗ್ ತೆಗೆದ ರೇಸ್ ಕಾರಿನ ಫೋಟೋದಲ್ಲಿ ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿ ಮುಂದಕ್ಕೆ ಓರೆಯಾಗಿದೆ, ಅಂಚಲ್ಲಿ ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಆ ಕಾಲದ ಪರದೆ ಇನ್ನೂ ನಿಧಾನ.

ಸಮಸ್ಯೆಯನ್ನ ಬೇರು ಸಮೇತ ಕಿತ್ತಿದ್ದು ಗ್ಲೋಬಲ್ ಶಟರ್, ಎಲ್ಲ ಪಿಕ್ಸೆಲ್ಲೂ ಒಟ್ಟಿಗೇ ಶುರು ಮಾಡಿ ಒಟ್ಟಿಗೇ ನಿಲ್ಸೋದು. ಸಿಸಿಡಿ ಅನ್ನೋ ಬೇರೆ ಬಗೆಯ ಸೆನ್ಸರ್ ಇದ್ದ ಹಳೇ ಕ್ಯಾಮೆರಾಗಳಲ್ಲಿ ತುಂಬಾ ಕಡೆ ಇದು ಇತ್ತು. ಸಿಮಾಸಲ್ಲಿ ಮಾಡ್ಬೇಕಂದ್ರೆ ಓದೋ ಸರದಿ ಬರೋ ತನಕ ಲೆಕ್ಕ ಕಾಪಾಡೋಕೆ ಪಿಕ್ಸೆಲ್‌ಗೊಂದು ಗೋದಾಮು ಬೇಕು, ಅದು ಬೆಳಕಿನ ಜಾಗ ತಿನ್ನತ್ತೆ, ಕತ್ತಲೆ ಫೋಟೋಲಿ ನಾಯ್ಸ್, ಅಂದ್ರೆ ಕಾಳುಕಾಳು ಚುಕ್ಕೆ, ಜಾಸ್ತಿ ಆಗತ್ತೆ. 2023ರಲ್ಲಿ ಘೋಷಣೆಯಾದ ಸೋನಿ ಎ9 3 ಕ್ಯಾಮೆರಾದಲ್ಲಿ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಗ್ಲೋಬಲ್ ಶಟರ್ ಇದೆ, ಅದರ ಬೇಸ್ ಐಎಸ್ಒ, ಅಂದ್ರೆ ಶುರುವಾಗೋ ಮಟ್ಟ, ಮಾಮೂಲಿ 100 ಅಲ್ಲ, 250. ಫೋನ್‌ಗಳು ಸದ್ಯಕ್ಕೆ ಸಾಲುಸಾಲಾಗಿಯೇ ಓದ್ತಿವೆ.

ಇನ್ನು ಗೆಳೆಯನ ವಿಷ್ಯ. 240ರಲ್ಲಿ ತೆಗೆದ ವಿಡಿಯೋದಲ್ಲಿ, ಫೋನ್ ಎರಡೂ ಥರ ಹಿಡಿದು ನೋಡಿದ್ಮೇಲೂ, ಏಟಿನ ಕ್ಷಣದಲ್ಲಿ ಒಂಚೂರು ಮುಂದಕ್ಕೆ ಬಾಗು ಉಳ್ಕೊಂಡೇ ಇತ್ತು. ಅದು ಕ್ಯಾಮೆರಾದ್ದಲ್ಲ. ಶಾಫ್ಟು ನಿಜಕ್ಕೂ ಸ್ವಲ್ಪ ಬಾಗತ್ತೆ, ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಎಜರ್ಟನ್ 1938ರಲ್ಲೇ ಡೆನ್ಸ್‌ಮೋರ್ ಶೂಟ್ ಅನ್ನೋ ಗಾಲ್ಫ್ ಆಟಗಾರನ ಸ್ವಿಂಗನ್ನ ಕತ್ತಲಲ್ಲಿ ಕ್ಷಣಮಾತ್ರ ಮತ್ತೆ ಮತ್ತೆ ಮಿಂಚೋ ಸ್ಟ್ರೋಬ್ ಫ್ಲ್ಯಾಶ್ ಹಾಕಿ ತೆಗೆದು ತೋರ್ಸಿದ್ದಾರೆ, ಅಲ್ಲಿ ಕ್ಷಣ ನಿಲ್ಸಿದ್ದು ಶಟರ್ ಅಲ್ಲ, ಬೆಳಕೇ. ಗೆಳೆಯ ಹಳೇ ಕ್ಲಬ್ಬನ್ನೇ ಇಟ್ಕೊಂಡ. ಏಟು ಇನ್ನೂ ಸೊಟ್ಟಗೇ ಹೋಗತ್ತೆ, ಅದಕ್ಕೆ ಕ್ಯಾಮೆರಾ ಹೊಣೆ ಅಲ್ಲ ಅಂತ ಈಗ ಅವನಿಗೂ ಗೊತ್ತು.