ಸ್ಟ್ರೈಕ್ ಬಿಟ್ಟು ಸ್ಪೇರ್ ಹಿಡಿದೆ: ನನ್ನ ಅನುಭವ

ಬೆಂಗಳೂರಿನ ನಮ್ಮ ವಾರಾಂತ್ಯದ ಟೆನ್‌ಪಿನ್ ಬೌಲಿಂಗ್ (ಚೆಂಡು ಉರುಳಿಸಿ ಹತ್ತು ಪಿನ್ ಕೆಡಹುವ ಆಟ) ಗುಂಪಿನಲ್ಲಿ ಎರಡು ವರ್ಷ ನನ್ನ ಸರಾಸರಿ 135ರ ಆಸುಪಾಸಿನಲ್ಲೇ ಕುಂಟುತ್ತಿತ್ತು. ಆಟಕ್ಕೆ ನಾಲ್ಕೈದು ಸ್ಟ್ರೈಕ್ (ಮೊದಲ ಚೆಂಡಿಗೇ ಹತ್ತೂ ಪಿನ್ ಉರುಳುವುದು) ಬಿದ್ದರೂ ಅಂಕ ಏರುತ್ತಿರಲಿಲ್ಲ. ದೋಷ ಚೆಂಡಿನದೇ ಎಂದು ನಂಬಿ, ಚೆನ್ನಾಗಿ ಹುಕ್ ಆಗುವ, ಅಂದರೆ ಉರುಳುತ್ತಾ ಬಾಗುವ, 15 ಪೌಂಡಿನ ರಿಯಾಕ್ಟಿವ್ ಚೆಂಡನ್ನು ಡ್ರಿಲ್ಲಿಂಗ್ (ಬೆರಳಿನ ತೂತು ಕೊರೆಸುವುದು) ಸೇರಿ ಸುಮಾರು 18 ಸಾವಿರ ರೂಪಾಯಿ ಸುರಿದು ತಂದೆ. ಬಲಮೂಲೆಯ ಹತ್ತನೇ ಪಿನ್ ಒಂಟಿಯಾಗಿ ಉಳಿದಾಗಲೆಲ್ಲ ಆ ದುಬಾರಿ ಚೆಂಡು ಅದರ ಹತ್ತಿರದವರೆಗೆ ಹೋಗಿ ಎಡಕ್ಕೆ ತಿರುಗಿಬಿಡುತ್ತಿತ್ತು.

ಅಂಕವನ್ನು ಯಂತ್ರವೇ ಕೂಡುವುದರಿಂದ ನಮ್ಮಲ್ಲಿ ಯಾರೂ ಪೆನ್ಸಿಲ್ ಹಿಡಿಯುವುದಿಲ್ಲ. ಒಂದು ರಾತ್ರಿ ನಾನು ಹಿಡಿದೆ. ಹತ್ತು ಫ್ರೇಮಿನ (ಎರಡು ಚೆಂಡಿನ ಸರದಿ) ಆಟದಲ್ಲಿ ಒಂದು ಫ್ರೇಮ್ ಸ್ಟ್ರೈಕ್, ಮುಂದಿನದು ಒಂಬತ್ತು ಪಿನ್ನಿನ ಓಪನ್ (ಎರಡೂ ಚೆಂಡು ಮುಗಿದರೂ ಪಿನ್ ಉಳಿಯುವುದು), ಹೀಗೆ ಕೊನೆಯವರೆಗೂ ಆಡಿದರೆ ಜೋಡಿಗೆ 28ರಂತೆ, ಐದು ಸ್ಟ್ರೈಕ್ ಹೊಡೆದೂ ಸಿಗುವುದು ಬರೀ 140. ಒಂದೂ ಸ್ಟ್ರೈಕ್ ಇಲ್ಲದೆ ಪ್ರತಿ ಫ್ರೇಮಿನಲ್ಲೂ ಒಂಬತ್ತು ಕೆಡವಿ ಉಳಿದೊಂದನ್ನು ಎರಡನೇ ಚೆಂಡಿಗೆ ಎತ್ತಿದರೆ (ಇದೇ ಸ್ಪೇರ್), ಕೊನೆಯ ಹೆಚ್ಚುವರಿ ಚೆಂಡಿಗೂ ಒಂಬತ್ತೇ ಬಿದ್ದರೆ, 190! ಸ್ಟ್ರೈಕಿನ ಬೆಲೆ ಅದರ ಹಿಂದೆ ಬರುವ ಎರಡು ಚೆಂಡುಗಳ ಕೈಯಲ್ಲಿದೆ ಎಂಬುದು ಗೊತ್ತಿದ್ದ ಸಂಗತಿಯೇ ಆದರೂ, ನಾನು ಕಳೆದುಕೊಳ್ಳುತ್ತಿದ್ದುದು ಎಷ್ಟೆಂಬುದು ಅಂದೇ ಕಣ್ಣಿಗೆ ಬಿದ್ದದ್ದು.

ಹುಕ್ ಆಗದ 14 ಪೌಂಡಿನ ಹಳೆಯ ಪ್ಲಾಸ್ಟಿಕ್ ಚೆಂಡೊಂದನ್ನು ನಾಲ್ಕು ಸಾವಿರಕ್ಕೆ ಕೊಂಡು, ದರ ಕಡಿಮೆ ಇರುವ ವಾರದ ಬೆಳಗಿನ ಹೊತ್ತಿನಲ್ಲಿ ಅಭ್ಯಾಸಕ್ಕೆ ಇಳಿದೆ. ಹತ್ತೂ ಪಿನ್ ನಿಂತಿರುವಾಗ ಮೊದಲ ಚೆಂಡಿನಿಂದ ಹತ್ತನೆಯದನ್ನು ಮಾತ್ರ, ಎರಡನೆಯದರಿಂದ ಎಡಮೂಲೆಯ ಏಳನೆಯದನ್ನು ಮಾತ್ರ ಬೀಳಿಸಬೇಕು. ಪರದೆಯ ಮೇಲೆ ಇಡೀ ಆಟಕ್ಕೆ ಹದಿನೈದೋ ಇಪ್ಪತ್ತೋ ಅಂಕ ಕಂಡ ಗೆಳೆಯನೊಬ್ಬ, "ದುಡ್ಡು ಕೊಟ್ಟು ಪಿನ್ ಉಳಿಸೋಕೆ ಬಂದಿದ್ದೀಯೇನಯ್ಯ?" ಎಂದು ನಕ್ಕ. ಮೊದಲ ತಿಂಗಳು ನಗುವಂತೆಯೇ ಇತ್ತು: ಮಣಿಕಟ್ಟು ಹಳೆಯ ಚಾಳಿಗೆ ತಿರುಗಿ, ನಾಲ್ಕರಲ್ಲಿ ಮೂರು ಚೆಂಡು ಲೇನಿನ ಪಕ್ಕದ ಗಟಾರಕ್ಕೇ ಹೋಗುತ್ತಿದ್ದವು. ಎಡಕ್ಕೆ ಸರಿದು ನಿಂತು ಲೇನಿನ ಅಡ್ಡಕ್ಕೆ ಎಸೆಯಲು ಶುರುಮಾಡಿದ ಮೇಲೆ ದಾರಿಗೆ ಬಂತು. ಯಾವ ಬೋರ್ಡಿನ (ನೆಲದ ಹಲಗೆಪಟ್ಟಿಯ) ಮೇಲೆ ನಿಲ್ಲುತ್ತೇನೆ, ಕಣ್ಣು ಎಲ್ಲಿಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಮ್ಮ ಗುಂಪಿನವರೂ ಇದನ್ನು ಓದುತ್ತಾರೆ. ನಾಲ್ಕು ತಿಂಗಳಿಗೆ ಲೇನಿನ ಬಾಡಿಗೆಯೇ ಹತ್ತು ಸಾವಿರ ದಾಟಿರಬೇಕು. ಸರಾಸರಿ 170ಕ್ಕೆ ಮುಟ್ಟಿತು. ಒಂದೇ ಒಂದು ಸ್ಟ್ರೈಕ್ ಇದ್ದ ಆಟದಲ್ಲಿ 180 ದಾಟಿದ ದಿನ ಆ ಗೆಳೆಯನೇ ಕಾಫಿ ಕೊಡಿಸಿದ.

ಅದೇ ಉತ್ಸಾಹದಲ್ಲಿ, ಕೆಲವು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬಳಸಿದ 'ಕರೆಂಟ್ ಫ್ರೇಮ್' ಪದ್ಧತಿಯಲ್ಲಿ ನನ್ನ ಹಳೆಯ ಹಾಳೆಗಳನ್ನು ಮತ್ತೆ ಕೂಡಿ ನೋಡಿದೆ. ಅದರಲ್ಲಿ ಸ್ಟ್ರೈಕಿಗೆ ನೇರವಾಗಿ 30. ಸ್ಪೇರಿಗೆ ಹತ್ತರ ಜೊತೆ ಅದೇ ಫ್ರೇಮಿನ ಮೊದಲ ಚೆಂಡಿನ ಪಿನ್ನುಗಳು. ಹತ್ತನೇ ಫ್ರೇಮಿನಲ್ಲಿ ಹೆಚ್ಚುವರಿ ಚೆಂಡಿಲ್ಲ. ನನ್ನ ಸ್ಪೇರಿನ 190 ಅಲ್ಲಿಯೂ 190ರಲ್ಲೇ ನಿಂತಿತು. ಸ್ಟ್ರೈಕ್-ಓಪನ್ ಆಟದ 140 ಮಾತ್ರ 195ಕ್ಕೆ ಜಿಗಿಯಿತು. ಈ ಲೆಕ್ಕವನ್ನು ಗೆಳೆಯನಿಗೆ ತೋರಿಸಬಾರದಿತ್ತು. ಈಗ ಪ್ರತಿ ಶನಿವಾರವೂ ಆ ಪದ್ಧತಿಯಲ್ಲೇ ಆಡೋಣವೆಂದು ಹಟ ಹಿಡಿದು ಕೂರುತ್ತಾನೆ.