ಬಾಲಕ್ಕೆ ಕೆಂಪು ಟೇಪು ಕಟ್ಟಿದ ಮೇಲೆ

ನಾನು ಶಾಲೆಗೆ ಹೋಗುವಾಗ ಅಮ್ಮ ಎರಡು ಜಡೆ ಹೆಣೆದು, ಮೇಲಕ್ಕೆ ಮಡಚಿ, ಕೆಂಪು ಟೇಪು ಕಟ್ಟುತ್ತಿದ್ದರು. ಈಗ ಇಂಗ್ಲೆಂಡಿನಲ್ಲಿ ಕುದುರೆ ಸವಾರಿ ಸ್ಪರ್ಧೆಯ ದಿನ ಬೆಳಿಗ್ಗೆ ನಾನು ಅದೇ ಕೆಲಸವನ್ನು ಕುದುರೆಯ ಬಾಲಕ್ಕೆ ಮಾಡುತ್ತೇನೆ. ನನ್ನದು 14 ವರ್ಷದ ಕಂದು ಹೆಣ್ಣುಕುದುರೆ. ಮನುಷ್ಯರ ಬಳಿ ಬಲು ಸಾಧು. ಬೇರೆ ಕುದುರೆ ಹಿಂದೆ ಬಂದು ನಿಂತರೆ ಮಾತ್ರ ಕಾಲು ಬೀಸುತ್ತಾಳೆ. ಕೆಂಪು ಟೇಪು ಹೇಳುವುದೂ ಅದನ್ನೇ: ಒದೆಯುವ ಕುದುರೆ, ದೂರವಿರಿ. ಹಸಿರು ಕಂಡರೆ ಇನ್ನೂ ಪಳಗದ ಕುದುರೆ. ಹಳದಿ ಸಾಮಾನ್ಯವಾಗಿ ಬೀಜದ ಗಂಡು. ಕುದುರೆಯ ಕಣ್ಣಿಗೆ ಕೆಂಪು, ಹಸಿರುಗಳ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಈ ಸಿಂಗಾರವೆಲ್ಲ ಸವಾರರು ನೋಡಲಿ ಎಂದೇ.

ಬಿಡಿ ಕೂದಲಿಗೆ ಕಟ್ಟಿದರೆ ಟೇಪು ನಾಲ್ಕು ಸುತ್ತು ಓಡುವಷ್ಟರಲ್ಲಿ ಜಾರಿಬಿಡುತ್ತದೆ. ಬಾಲದ ಬುಡದ ಹತ್ತಿರ ಮೇಲುಗೂದಲಿನಿಂದ ಸಣ್ಣ ಜಡೆ ಹೆಣೆದು, ಟೇಪನ್ನು ಅದರೊಳಗೇ ಸೇರಿಸಿ ಗಂಟು ಹಾಕುತ್ತೇನೆ. ಬಾಲದ ಮೂಳೆಯ ಸುತ್ತ ಬಿಗಿಯುವುದಿಲ್ಲ, ರಕ್ತ ಓಡದೆ ಹೋದೀತು. ನಿಲ್ಲುವುದು ಪಕ್ಕದಲ್ಲಿ, ಅವಳ ತೊಡೆಗೆ ಒತ್ತಿಕೊಂಡು. ಕತ್ತೆಯ ಹಿಂದೆ, ಅಧಿಕಾರಿಯ ಮುಂದೆ ನಿಲ್ಲಬಾರದೆಂಬ ಮಾತಿನಲ್ಲಿ ಕುದುರೆಯನ್ನೂ ಸೇರಿಸಿಕೊಳ್ಳಬಹುದು.

ಮೊದಲ ವರ್ಷ, ಟೇಪು ಕಟ್ಟಿದರೆ ನನ್ನ ಜವಾಬ್ದಾರಿ ಮುಗಿಯಿತು ಎಂದುಕೊಂಡಿದ್ದೆ. ಒಂದು ಮಳೆಯ ದಿನ ಗೇಟಿನ ಬಳಿ ಸರದಿಗಾಗಿ ಕಾಯುತ್ತಿದ್ದೆವು. ಅವಳು ನೆನೆಯಬಾರದೆಂದು ಬೆನ್ನಿನಿಂದ ಬಾಲದ ಬುಡದವರೆಗೆ ಮಳೆಹೊದಿಕೆ ಹಾಕಿದ್ದೆ. ಟೇಪು ಅದರಡಿಯಲ್ಲಿ ಬೆಚ್ಚಗಿತ್ತು! ಬಿಳಿ ಪೋನಿಯ ಮೇಲೆ ಬಂದ ಹುಡುಗಿಯೊಬ್ಬಳು ನಮ್ಮ ಹಿಂದೆಯೇ ನಿಂತಳು. ನನ್ನವಳ ಕಿವಿಗಳು ಕತ್ತಿಗೆ ಅಂಟಿದ್ದು ಕಂಡಿತು, ಅಷ್ಟರಲ್ಲೇ ಠಣ್ ಎಂಬ ಸದ್ದು. ಲಾಳ ಬಡಿದದ್ದು ಹುಡುಗಿ ಕಾಲಿಟ್ಟಿದ್ದ ರಿಕಾಪಿಗೆ. ನಾಲ್ಕು ಬೆರಳು ಮೇಲಕ್ಕೆ ಬಿದ್ದಿದ್ದರೆ ಅವಳ ಕಣಕಾಲು ಮುರಿಯುತ್ತಿತ್ತು. ಅವಳೇ "ಸಾರಿ" ಎಂದಳು. ನನಗೆ ನಾಚಿಕೆಯಾಯಿತು. ಕ್ಷಮೆ ಕೇಳಬೇಕಾದವಳು ನಾನು, ಕೇಳಿದೆ.

ಈಗ ಹೊದಿಕೆಯ ಹಿಂಭಾಗಕ್ಕೂ ಒಂದು ಟೇಪು ಹೊಲಿದಿದ್ದೇನೆ. ಕಾಯುವಾಗ ಅವಳ ಹಿಂಭಾಗ ಬೇಲಿಯ ಕಡೆಗಿರುತ್ತದೆ. ಯಾರಾದರೂ ತೀರಾ ಹತ್ತಿರ ಬಂದರೆ ಅವಳ ತಲೆಯನ್ನು ಅವರತ್ತ ತಿರುಗಿಸುತ್ತೇನೆ. ತಲೆ ಅತ್ತ ಹೋದರೆ ಹಿಂಗಾಲು ತಾನಾಗಿ ಇತ್ತ ಸರಿಯುತ್ತದೆ. ಅಭ್ಯಾಸದ ಅಂಕಣದಲ್ಲಿ ಎದುರು ಬರುವವರನ್ನು ಇಬ್ಬರ ಎಡಗೈಯೂ ಒಂದೇ ಕಡೆ ಬರುವಂತೆ ದಾಟುವುದು, ಹಾರುವ ಮುನ್ನ ಯಾವ ಅಡ್ಡಬೇಲಿಯೆಂದು ಕೂಗುವುದು, ನಡಿಗೆಯಲ್ಲಿದ್ದರೆ ಒಳಸುತ್ತಿಗೆ ಬರುವುದು ಎಲ್ಲರಿಗೂ ಗೊತ್ತಿರುವ ಮರ್ಯಾದೆ. ಮುಂದಿನ ಕುದುರೆಯಿಂದ ಒಂದು ಕುದುರೆಯಷ್ಟು ದೂರ ಸಾಕು ಎನ್ನುತ್ತಾರೆ. ನಾನು ಎರಡರಷ್ಟು ಬಿಡುತ್ತೇನೆ. ಗೇಟಿನವರಿಗೆ, "ನನ್ನ ಕುದುರೆ ಒದೆಯುತ್ತದೆ, ಕರೆದಾಗ ಬರುತ್ತೇನೆ" ಎಂದು ಮೊದಲೇ ಹೇಳಿ, ಗುಂಪಿನಿಂದ ಆಚೆ ಬೇಲಿಯ ಮೂಲೆಯಲ್ಲಿ ನಿಲ್ಲುತ್ತೇನೆ. ಅಲ್ಲಿ ಅವಳು ಆರಾಮವಾಗಿ ಹುಲ್ಲು ಮೇಯುತ್ತಾಳೆ.